ಏಣಿ ಕೇಳಲು ಬಂದವರು

ಸೈಲಸ್ ಮಾರ್ನರ್ ಎಂಬ ನೇಕಾರನ ಬಳಿ ಒಂದು ಮಣ್ಣಿನ ಮಡಕೆ ಇತ್ತು. ಹೊಲದಾಚೆಯ ಬಾವಿಯಿಂದ ಅವನು ದಿನವೂ ನೀರು ತರುತ್ತಿದ್ದುದು ಅದರಲ್ಲಿಯೇ. ಹನ್ನೆರಡು ವರ್ಷ ಆ ಮಡಕೆ ಅವನ ಜೊತೆಗಿತ್ತು. ಒಂದು ದಿನ ಬರುವ ದಾರಿಯಲ್ಲಿ ಕಾಲು ಎಡವಿತು, ಮಡಕೆ ಕಲ್ಲಿಗೆ ಬಡಿದು ಮೂರು ಚೂರಾಯಿತು. ಅವನು ಚೂರುಗಳನ್ನು ಆಯ್ದು ಮನೆಗೆ ತಂದು, ಒಂದಕ್ಕೊಂದು ಅಂಟಿಸಿ, ಇನ್ನು ಯಾತಕ್ಕೂ ಬಾರದ ಆ ಮಡಕೆಯನ್ನು ಅದರ ಹಳೆಯ ಜಾಗದಲ್ಲೇ ನೆನಪಿಗೆಂದು ಒರಗಿಸಿಟ್ಟ.

ಜಾರ್ಜ್ ಎಲಿಯಟ್ ಎಂಬ ಗಂಡುಹೆಸರಿನಲ್ಲಿ ಬರೆಯುತ್ತಿದ್ದ ಇಂಗ್ಲಿಷ್ ಲೇಖಕಿ 1861ರಲ್ಲಿ ಪ್ರಕಟಿಸಿದ 'ಸೈಲಸ್ ಮಾರ್ನರ್' ಕಾದಂಬರಿಯಲ್ಲಿ ಈ ಸಂಗತಿ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ನನಗೆ ಆ ಪುಸ್ತಕದ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿಯೇ. ಊರಿಗೆ ಊರೇ ಜಿಪುಣ ಎಂದು, ಏನೋ ಮಾಟ ಬಲ್ಲವನೆಂದು ದೂರ ಇಟ್ಟ ಮನುಷ್ಯನಲ್ಲಿ ಅಕ್ಕರೆ ಇನ್ನೂ ಬತ್ತಿಲ್ಲ, ಹೋಗಲು ಜಾಗ ಸಿಗದೆ ಅದು ಒಂದು ಮಡಕೆಯ ಮೇಲೆ ಹೋಗಿ ಕುಳಿತಿದೆ ಎಂದು ಎಲಿಯಟ್ ನಮಗೆ ತೋರಿಸಿಕೊಡುತ್ತಾಳೆ. ಮುಂದೆ ಇವನು ಚೇತರಿಸಿಕೊಂಡರೆ ಅದು ಪವಾಡವಾಗುವುದಿಲ್ಲ, ಏಕೆಂದರೆ ಬೇರು ಸತ್ತಿಲ್ಲ ಎಂಬುದಕ್ಕೆ ಆ ಅಂಟಿಸಿದ ಮಡಕೆಯೇ ಸಾಕ್ಷಿ.

ನೊಂದವರ ಕಾದಂಬರಿಗಳನ್ನು ನಾನು ಹುಡುಕಿಕೊಂಡು ಓದುತ್ತೇನೆ. ಪೆಟ್ಟು ತಿಂದು ಬಾಗಿಲು ಹಾಕಿಕೊಂಡವರು, ಅವರ ಬಾಗಿಲನ್ನು ತಟ್ಟಿದ ಯಾರೋ ಒಬ್ಬರು, ಅವರಿಬ್ಬರ ನಡುವೆ ಯಾರೂ ಎಣಿಸದಿದ್ದ ಸ್ನೇಹ, ಕೊನೆಗೆ ಅಷ್ಟಿಷ್ಟು ಬೆಳಕು. ಕಥೆಯ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಕೆಲವು ಪುಸ್ತಕಗಳು ಮನಸ್ಸಿನಲ್ಲಿ ಬೇರು ಬಿಡುತ್ತವೆ, ಕೆಲವು ಮುಚ್ಚಿಟ್ಟ ಮರುದಿನವೇ ಮರೆತುಹೋಗುತ್ತವೆ. ಏಕೆ ಹೀಗೆ ಎಂದು ಯೋಚಿಸುತ್ತ ಬಂದಂತೆ ನನಗೆ ಒಂದು ವಿಷಯ ಗಟ್ಟಿಯಾಗುತ್ತಾ ಹೋಗಿದೆ. ಉಳಿಯುವ ಕಾದಂಬರಿಗಳಲ್ಲಿ ನೊಂದವರನ್ನು ಎತ್ತಿ ನಿಲ್ಲಿಸುವವರು ಸಮಾಧಾನ ಹೇಳಲು ಬಂದವರಲ್ಲ. ಅವರು ತಮ್ಮದೇ ಯಾವುದೋ ಗರಜಿಗೆ ಬಂದಿರುತ್ತಾರೆ. ಏನನ್ನೋ ಕೇಳಲು ಬಂದಿರುತ್ತಾರೆ.

ಸೈಲಸ್‌ನ ಕಥೆಯನ್ನೇ ನೋಡಿ. ಉತ್ತರದ ಒಂದು ಪಟ್ಟಣದಲ್ಲಿ, ಲ್ಯಾಂಟರ್ನ್ ಯಾರ್ಡ್ ಎಂಬ ಕೇರಿಯ ಸಣ್ಣ ಧಾರ್ಮಿಕ ಪಂಗಡದಲ್ಲಿ ಅವನು ಭಕ್ತಿವಂತ ಯುವಕನಾಗಿದ್ದ. ಪ್ರಾಣಸ್ನೇಹಿತ ವಿಲಿಯಂ ಡೇನ್ ಅವನ ಮೇಲೆ ಕಳವಿನ ಆರೋಪ ಬರುವಂತೆ ಮಾಡಿದ. ಸತ್ಯ ತಿಳಿಯಲು ದೇವರ ಹೆಸರಿನಲ್ಲಿ ಚೀಟಿ ಎತ್ತಿದರು, ಚೀಟಿ ಸೈಲಸ್‌ನೇ ಕಳ್ಳನೆಂದಿತು. ಮದುವೆಯಾಗಬೇಕಿದ್ದ ಹುಡುಗಿ ಆ ಸ್ನೇಹಿತನನ್ನೇ ಮದುವೆಯಾದಳು. ಮನುಷ್ಯರ ಮೇಲೂ ದೇವರ ಮೇಲೂ ಒಮ್ಮೆಗೇ ನಂಬಿಕೆ ಕಳೆದುಕೊಂಡವನು ದೂರದ ರಾವೆಲೋ ಎಂಬ ಹಳ್ಳಿಗೆ ಬಂದು, ಬಿಟ್ಟುಹೋದ ಕಲ್ಲುಗಣಿಯ ಪಕ್ಕದ ಗುಡಿಸಲಿನಲ್ಲಿ ಹದಿನೈದು ವರ್ಷ ಮಗ್ಗದ ಮುಂದೆ ಕುಳಿತ. ನೇಯ್ದ, ಚಿನ್ನದ ನಾಣ್ಯ ಕೂಡಿಟ್ಟ, ರಾತ್ರಿ ಅವನ್ನು ಸುರಿದುಕೊಂಡು ಎಣಿಸಿದ. ಒಂದು ರಾತ್ರಿ ಆ ಚಿನ್ನವೂ ಕಳುವಾಯಿತು.

ಆಗ ಊರಿನವರಿಗೆ ಅವನ ಮೇಲೆ ಕನಿಕರ ಹುಟ್ಟುತ್ತದೆ. ಒಬ್ಬೊಬ್ಬರಾಗಿ ಬರುತ್ತಾರೆ. ಚರ್ಚಿನ ಗುಮಾಸ್ತ ಮುದುಕ ಮೇಸಿ ಬಂದು ಉದ್ದಕ್ಕೂ ಉಪದೇಶ ಮಾಡುತ್ತಾನೆ. ಡಾಲಿ ವಿನ್‌ತ್ರಾಪ್ ಎಂಬ ಒಳ್ಳೆಯ ಹೆಂಗಸು ತನ್ನ ಪುಟ್ಟ ಮಗ ಏರನ್‌ನನ್ನು ಕರೆದುಕೊಂಡು ಕೇಕು ತರುತ್ತಾಳೆ. ಕೇಕಿನ ಮೇಲೆ ಐ, ಎಚ್, ಎಸ್ ಎಂಬ ಅಕ್ಷರಗಳನ್ನು ಚುಚ್ಚಿ ಮೂಡಿಸಿದ್ದಾಳೆ. ಅವಳಿಗೆ ಓದಲು ಬಾರದು. ಚರ್ಚಿನ ವೇದಿಕೆಯ ಬಟ್ಟೆಯ ಮೇಲೆ ಇರುವ ಅಕ್ಷರಗಳಾದ್ದರಿಂದ ಒಳ್ಳೆಯದೇ ಆಗಿರಬೇಕು ಎಂಬುದಷ್ಟೇ ಅವಳ ತಿಳಿವಳಿಕೆ. ಸೈಲಸ್‌ಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಆ ಗುಡಿಸಲಿನಲ್ಲಿ ಇಬ್ಬರೂ ಅರ್ಥ ತಿಳಿಯದ ಅಕ್ಷರಗಳನ್ನು ನಡುವೆ ಇಟ್ಟುಕೊಂಡು ಕುಳಿತಿರುತ್ತಾರೆ. ಡಾಲಿಯ ಮಾತಿನಲ್ಲಿ ಕಪಟವಿಲ್ಲ, ಅವಳ ಮನಸ್ಸು ಬೆಣ್ಣೆಯಂಥದು. ಆದರೂ ಅವಳು ಎದ್ದು ಹೊರಟಾಗ ಸೈಲಸ್‌ಗೆ ಆಗುವುದು ಬಿಡುಗಡೆ. ಮತ್ತೆ ಮಗ್ಗದ ಮುಂದೆ ಕುಳಿತು ತನ್ನ ಪಾಡಿಗೆ ನರಳಬಹುದಲ್ಲ ಎಂಬ ನೆಮ್ಮದಿ.

ಎಲಿಯಟ್‌ಳ ಈ ಪ್ರಾಮಾಣಿಕತೆಗೆ ನಾನು ಮಾರುಹೋಗಿದ್ದೇನೆ. ಸಾಧಾರಣ ಕಾದಂಬರಿಕಾರರಾಗಿದ್ದರೆ ಡಾಲಿಯ ಕೇಕಿಗೇ ಸೈಲಸ್‌ನ ಕಣ್ಣಲ್ಲಿ ನೀರು ಬರಿಸಿಬಿಡುತ್ತಿದ್ದರು. ಎಲಿಯಟ್ ಹಾಗೆ ಮಾಡುವುದಿಲ್ಲ. ಅವನು ನಿಜವಾಗಿ ಅಲುಗಾಡುವುದು ಹೊಸ ವರ್ಷದ ಹಿಂದಿನ ರಾತ್ರಿ, ಹಿಮದಲ್ಲಿ ಸತ್ತುಬಿದ್ದ ತಾಯಿಯ ಮಗ್ಗುಲಿನಿಂದ ಎದ್ದು, ತೆರೆದ ಬಾಗಿಲಿನ ಬೆಳಕನ್ನು ಕಂಡು ಒಳಗೆ ನಡೆದುಬಂದು ಬೆಂಕಿಗೂಡಿನ ಮುಂದೆ ಮಲಗಿದ ಒಂದು ಹೆಣ್ಣುಮಗುವಿನಿಂದ. ಮಂಜುಗಣ್ಣಿನ ನೇಕಾರನಿಗೆ ಅದರ ಹೊಂಬಣ್ಣದ ಕೂದಲು ಮೊದಲು ತನ್ನ ಕಳೆದುಹೋದ ಚಿನ್ನದಂತೆ ಕಾಣುತ್ತದೆ. ಆ ಮಗುವಿಗೆ ಅವನ ದುಃಖದ ಗೊಡವೆಯಿಲ್ಲ. ಅದಕ್ಕೆ ಹಸಿವಾಗಿದೆ, ಅದರ ಬೂಟು ಒದ್ದೆಯಾಗಿದೆ, ಅಷ್ಟೇ.

ಇಲ್ಲಿಂದ ಮುಂದೆ ಡಾಲಿಯ ಸ್ನೇಹಕ್ಕೂ ಅರ್ಥ ಬರುತ್ತದೆ. ಈಗ ಸೈಲಸ್‌ಗೆ ಅವಳಿಂದ ಕಲಿಯಬೇಕಾದದ್ದು ಇದೆ. ಮಗುವಿನ ಬಟ್ಟೆ ತೊಡಿಸುವುದು ಹೇಗೆ, ಮೈ ತೊಳೆಸುವುದು ಹೇಗೆ. ಅವಳು ತಾನೇ ಮಾಡಿಕೊಡುತ್ತೇನೆ ಎಂದಾಗ ಅವನು ಒಪ್ಪುವುದಿಲ್ಲ, ಎಲ್ಲವನ್ನೂ ತಾನೇ ಮಾಡಬೇಕು, ಮಗು ಬೇರೆಯವರನ್ನು ಹಚ್ಚಿಕೊಂಡರೆ ಎಂಬ ಭಯ ಅವನಿಗೆ. ಡಾಲಿ ಅದನ್ನು ತಪ್ಪು ತಿಳಿಯುವುದಿಲ್ಲ. ಸಾಂತ್ವನ ಹೇಳಲು ಬಂದಾಗ ಹೊರಗಿನವಳಾಗಿದ್ದ ಅದೇ ಹೆಂಗಸು, ಮಗುವಿನ ಅಂಗಿಯ ಗುಂಡಿ ಹಾಕುವುದನ್ನು ಹೇಳಿಕೊಡುವಾಗ ಒಳಗಿನವಳಾಗುತ್ತಾಳೆ.

ಇದನ್ನೇ ನೂರೈವತ್ತು ವರ್ಷಗಳ ಆಚೆ, ಸ್ವೀಡನ್ನಿನ ಒಂದು ಬಡಾವಣೆಯಲ್ಲಿ ಫ್ರೆಡ್ರಿಕ್ ಬಾಕ್‌ಮನ್ ಮತ್ತೆ ಹೇಳುತ್ತಾನೆ. 2012ರಲ್ಲಿ ಬಂದ ಅವನ ಕಾದಂಬರಿಯ ನಾಯಕ ಓವೆಗೆ 59 ವರ್ಷ. ಹೆಂಡತಿ ಸೋನ್ಯಾ ತೀರಿಕೊಂಡಿದ್ದಾಳೆ, ಕೆಲಸವೂ ಹೋಗಿದೆ, ಬದುಕು ಸಾಕು ಎಂದು ಅವನು ತೀರ್ಮಾನಿಸಿಬಿಟ್ಟಿದ್ದಾನೆ. ಅಷ್ಟರಲ್ಲಿ ನೆರೆಮನೆಗೆ ಬಂದವರ ಗಾಡಿ ಅವನ ಅಂಚೆಪೆಟ್ಟಿಗೆಗೆ ಗುದ್ದುತ್ತದೆ. ಇರಾನ್ ಮೂಲದ, ತುಂಬುಗರ್ಭಿಣಿ ಪರ್ವಾನೆ ಅವನ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅವಳ ಗಂಡನಿಗೆ ಏಣಿ ಬೇಕು. ಆಮೇಲೆ ಆ ಗಂಡ ಏಣಿಯಿಂದ ಬೀಳುತ್ತಾನೆ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆಮೇಲೆ ಪರ್ವಾನೆಗೆ ಕಾರು ಓಡಿಸಲು ಕಲಿಸಬೇಕು. ಓವೆ ಗೊಣಗುತ್ತಾನೆ, ಬೈಯುತ್ತಾನೆ, ಮಾಡುತ್ತಾನೆ. ಸರಿಯಾಗಿ ಕೆಲಸ ಮಾಡಲು ಬಾರದವರ ಮೇಲೆ ಅವನಿಗಿರುವ ಸಿಟ್ಟೇ ಅವನನ್ನು ಒಂದೊಂದು ದಿನ ಮುಂದಕ್ಕೆ ಎಳೆಯುತ್ತದೆ. ಪರ್ವಾನೆ ಅವನ ನೋವನ್ನು ಊಹಿಸಿದ ಮೇಲೂ ಕೇಳುವುದನ್ನು ನಿಲ್ಲಿಸುವುದಿಲ್ಲ. ಅವಳ ಜಾಣತನ ಅದರಲ್ಲಿದೆ.

ಆ ಪುಸ್ತಕವನ್ನು ನಾನು ಪ್ರೀತಿಯಿಂದ ಓದಿದ್ದೇನೆ, ಆದರೂ ಅದರ ಕೊನೆಯ ಭಾಗ ಎಲ್ಲವನ್ನೂ ಬಹಳ ಅಂದವಾಗಿ ಜೋಡಿಸಿಬಿಡುತ್ತದೆ. ಇಡೀ ಬಡಾವಣೆ ಒಂದಾಗುತ್ತದೆ, ಹಳೆಯ ಜಗಳ ತೀರುತ್ತದೆ, ಸರ್ಕಾರಿ ಅಧಿಕಾರಿ ಸೋಲುತ್ತಾನೆ. ಇತ್ತೀಚೆಗೆ ಜಪಾನ್ ಮತ್ತು ಕೊರಿಯಾಗಳಿಂದ ಇಂಗ್ಲಿಷಿನ ಮೂಲಕ ಬಂದು ನಮ್ಮ ಪುಸ್ತಕದಂಗಡಿಗಳ ಮುಂದಿನ ಮೇಜನ್ನು ತುಂಬಿರುವ ಹೀಲಿಂಗ್ ಫಿಕ್ಷನ್ನಿನ, ಅಂದರೆ ಓದುವವರ ಮನಸ್ಸಿಗೆ ಸಾಂತ್ವನ ಕೊಡಲೆಂದೇ ಬರೆದ ಕಥೆಗಳ, ಬಹುಪಾಲು ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ಮುಖಪುಟದಲ್ಲಿ ಕಿಟಕಿಯ ಬೆಳಕು, ಒಂದು ಬೆಕ್ಕು. ಒಳಗೆ ಕೆಲಸದಿಂದ ಬಳಲಿದ ಒಬ್ಬರು, ಒಂದು ಕಾಫಿ ಅಂಗಡಿ, ಹಿತವಾಗಿ ಮಾತಾಡುವ ಅಂಗಡಿಯವರು. ದಣಿದ ಸಂಜೆಗೆ ಅವು ಒಳ್ಳೆಯ ಜೊತೆ, ಅವನ್ನು ಓದುವವರನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ಆದರೆ ಆ ಪುಸ್ತಕಗಳಲ್ಲಿ ಎಲ್ಲರೂ ಗುಣಪಡಿಸಲೆಂದೇ ಕಾದು ಕುಳಿತಿರುತ್ತಾರೆ. ಬದುಕಿನಲ್ಲಿ ಹಾಗೆ ಯಾರೂ ಕಾದು ಕುಳಿತಿರುವುದನ್ನು ನಾನು ಕಂಡಿಲ್ಲ.

ನಾನು ಕಂಡದ್ದು ಬೇರೆ. ಶಿವಮೊಗ್ಗದಲ್ಲಿದ್ದ ನನ್ನ ದೊಡ್ಡಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವರು. ಮಗ ಹೋದ ಮೇಲೆ ಹೊಲಿಗೆ ಯಂತ್ರದ ಮೇಲೆ ಬೆಡ್‌ಶೀಟ್ ಹೊದಿಸಿಬಿಟ್ಟರು. ನಾವೆಲ್ಲ ಹೋದೆವು, ಕೂತೆವು, ಹೇಳಬೇಕಾದ ಮಾತು ಹೇಳಿದೆವು. ಅವರು ಹೂಂಗುಟ್ಟುತ್ತಿದ್ದರು. ಹಿಂಬದಿಯ ಬಾಡಿಗೆ ಕೋಣೆಗೆ ಆ ವರ್ಷ ಕೇರಳದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ. ಒಂದು ಬೆಳಿಗ್ಗೆ ಸಮವಸ್ತ್ರ ಹಿಡಿದುಕೊಂಡು ಬಂದು, ಆಂಟಿ, ಇದು ಉದ್ದ, ನಾಳೆ ಬೇಕು ಎಂದಳು. ಅವಳಿಗೆ ಮನೆಯ ವಿಷಯ ತಿಳಿದಿರಲಿಲ್ಲ. ದೊಡ್ಡಮ್ಮ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಒಳಗಡೆ ತಿರುವಿ ನೋಡಿದರು. ಅಂಚಿನ ಹೊಲಿಗೆ ಬಿಟ್ಟುಕೊಂಡಿತ್ತು, ಗುಂಡಿಮನೆ ಕತ್ತರಿಸಿದ ಹಾಗೆಯೇ ಇತ್ತು. "ಇದನ್ನು ಹೊಲಿದವನಿಗೆ ಕೈ ಇತ್ತೋ ಇಲ್ಲವೋ!" ಎಂದು ಬೈದರು. ಎಷ್ಟೋ ದಿನಗಳಿಂದ ನಾವು ಕೇಳಿರದಿದ್ದ ದನಿ ಅದು. ಆಮೇಲೆ ಆ ಹುಡುಗಿ ತನ್ನ ಗೆಳತಿಯರ ಬಟ್ಟೆಗಳನ್ನೂ ತಂದಳು. ಇಬ್ಬರೂ ಕುಳಿತು ಮಾತಾಡಿದ್ದನ್ನು ನಾನು ಹೆಚ್ಚು ನೋಡಿಲ್ಲ. ಒಬ್ಬರು ಹೊಲಿಯುತ್ತಿದ್ದರು, ಇನ್ನೊಬ್ಬಳು ನೆಲದ ಮೇಲೆ ಕುಳಿತು ಓದಿಕೊಳ್ಳುತ್ತಿದ್ದಳು. ದೊಡ್ಡಮ್ಮ ಮಗನನ್ನು ಮರೆಯಲಿಲ್ಲ. ಅವನ ಹೆಸರು ಬಂದರೆ ಎದ್ದು ಒಳಗೆ ಹೋಗುವುದು ಕೊನೆಯವರೆಗೂ ಇತ್ತು. ಆದರೆ ಬೆಡ್‌ಶೀಟ್ ಯಂತ್ರದ ಮೇಲೆ ಮತ್ತೆ ಬೀಳಲಿಲ್ಲ.

ಯೋಕೋ ಒಗಾವಾ 2003ರಲ್ಲಿ ಜಪಾನಿ ಭಾಷೆಯಲ್ಲಿ ಬರೆದ, ಗಣಿತದ ಪ್ರೊಫೆಸರ್ ಮತ್ತು ಮನೆಗೆಲಸದ ಹೆಂಗಸಿನ ಕಾದಂಬರಿ ನನಗೆ ಈ ಬಗೆಯ ಪುಸ್ತಕಗಳಲ್ಲಿ ಅತ್ಯಂತ ಆಪ್ತವಾದದ್ದು. 1975ರ ಒಂದು ಕಾರು ಅಪಘಾತದಲ್ಲಿ ಪ್ರೊಫೆಸರರ ತಲೆಗೆ ಪೆಟ್ಟು ಬಿದ್ದಿದೆ. ಅಲ್ಲಿಂದ ಈಚೆಗಿನದು ಯಾವುದೂ ಅವರ ತಲೆಯಲ್ಲಿ 80 ನಿಮಿಷಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಮರೆಯಬಾರದ್ದನ್ನು ಚೀಟಿಗಳಲ್ಲಿ ಬರೆದು ಕೋಟಿಗೆ ಸಿಕ್ಕಿಸಿಕೊಂಡಿರುತ್ತಾರೆ. ತಮ್ಮ ನೆನಪು 80 ನಿಮಿಷ ಮಾತ್ರ ಎಂಬುದೂ ಒಂದು ಚೀಟಿಯಲ್ಲಿದೆ. ದಿನವೂ ಬೆಳಿಗ್ಗೆ ಬಾಗಿಲು ತೆರೆದಾಗ ಕೆಲಸದವಳು ಅವರಿಗೆ ಹೊಸಬಳು. ಹೊಸಬರೊಂದಿಗೆ ಏನು ಮಾತಾಡಬೇಕೆಂದು ತಿಳಿಯದ ಸಂಕೋಚದ ಮನುಷ್ಯ ಅವರು, ಆದ್ದರಿಂದ ಸಂಖ್ಯೆ ಕೇಳುತ್ತಾರೆ. ನಿನ್ನ ಚಪ್ಪಲಿಯ ಅಳತೆ ಎಷ್ಟು? ಅವಳು 24 ಎನ್ನುತ್ತಾಳೆ. ಒಂದರಿಂದ ನಾಲ್ಕರವರೆಗಿನ ಅಂಕಿಗಳನ್ನು ಗುಣಿಸಿದರೆ ಬರುವ ಸಂಖ್ಯೆಯಲ್ಲವೇ ಅದು ಎಂದು ಅವರು ಹಿಗ್ಗುತ್ತಾರೆ.

ಒಂದು ದಿನ ಅವಳ ಹುಟ್ಟುಹಬ್ಬದ ತಾರೀಖು ಕೇಳುತ್ತಾರೆ. ಫೆಬ್ರವರಿ 20, ಅಂದರೆ 220. ಅವರ ಕೈಗಡಿಯಾರದ ಹಿಂದೆ, ಹಿಂದೊಮ್ಮೆ ವಿಶ್ವವಿದ್ಯಾಲಯ ಕೊಟ್ಟ ಬಹುಮಾನದ ಕ್ರಮಸಂಖ್ಯೆ ಕೆತ್ತಿದೆ, 284. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಲೆಕ್ಕ ಮಾಡಿಸುತ್ತಾರೆ. 220ನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 1, 2, 4, 5, 10, 11, 20, 22, 44, 55, 110. ಕೂಡಿದರೆ 284. ಇನ್ನು 284ರದ್ದು 1, 2, 4, 71, 142. ಕೂಡಿದರೆ 220. ಗಣಿತಜ್ಞರು ಇಂಥ ಜೋಡಿಯನ್ನು ಸ್ನೇಹಸಂಖ್ಯೆಗಳು ಎನ್ನುತ್ತಾರೆ. ನಾನು ಓದುವುದನ್ನು ನಿಲ್ಲಿಸಿ, ಪೆನ್ಸಿಲ್ ತೆಗೆದುಕೊಂಡು, ಪುಸ್ತಕದ ಅಂಚಿನಲ್ಲೇ ಕೂಡಿ ನೋಡಿದೆ. ನೀವೂ ಕೂಡಿ ನೋಡಿ. ಒಂದರ ಒಳಗನ್ನೆಲ್ಲ ಬಿಡಿಸಿ ಕೂಡಿಸಿದರೆ ಇನ್ನೊಂದು ಸಿಗುತ್ತದೆ. ಮೇಲಿನಿಂದ ನೋಡಿದರೆ ಎರಡಕ್ಕೂ ಯಾವ ಹೋಲಿಕೆಯೂ ಇಲ್ಲ.

ಆದರೆ ಈ ಕಾದಂಬರಿಯ ತಿರುವು ಇರುವುದು ಸಂಖ್ಯೆಗಳಲ್ಲಲ್ಲ. ಕೆಲಸದವಳಿಗೆ ಹತ್ತು ವರ್ಷದ ಮಗನಿದ್ದಾನೆ, ತಂದೆಯ ಆಸರೆ ಇಲ್ಲದ ಹುಡುಗ. ಅವಳು ಮನೆಗೆ ಬರುವವರೆಗೆ ಅವನು ಒಬ್ಬನೇ ಇರುತ್ತಾನೆ ಎಂದು ತಿಳಿದಾಗ ಪ್ರೊಫೆಸರ್ ದಿಗ್ಭ್ರಮೆಗೊಳ್ಳುತ್ತಾರೆ. ನಾಳೆಯಿಂದ ಶಾಲೆ ಬಿಟ್ಟ ಕೂಡಲೇ ಇಲ್ಲಿಗೇ ಬರಲಿ ಎಂದು ಪಟ್ಟು ಹಿಡಿಯುತ್ತಾರೆ. ಹುಡುಗನ ಚಪ್ಪಟೆ ನೆತ್ತಿಯನ್ನು ಸವರಿ ವರ್ಗಮೂಲದ ಚಿಹ್ನೆಯ ಹೆಸರಿಡುತ್ತಾರೆ, ರೂಟ್. ಅಷ್ಟು ಹೊತ್ತು ಆರೈಕೆಗೆ ಒಳಗಾದವರಾಗಿದ್ದ ಮನುಷ್ಯ ಆ ಹುಡುಗನೆದುರು ಆರೈಕೆ ಮಾಡುವವರಾಗಿಬಿಡುತ್ತಾರೆ. ತಮ್ಮ ಊಟದ ಪರಿವೆಯೇ ಇಲ್ಲದಿದ್ದವರು ಹುಡುಗ ಹೊಟ್ಟೆ ತುಂಬ ತಿಂದನೇ ಎಂದು ನೋಡುತ್ತಾರೆ. ಹುಡುಗ ಅವರ ಬಳಿ ತಂದದ್ದು ಶಾಲೆಯ ಲೆಕ್ಕ. ಪ್ರತಿದಿನ ಅವರು ಅವನನ್ನು ಮರೆಯುತ್ತಾರೆ, ಪ್ರತಿದಿನ ಅಷ್ಟೇ ತೀವ್ರವಾಗಿ ಅಪ್ಪಿಕೊಳ್ಳುತ್ತಾರೆ.

ಇಲ್ಲಿ ಗಾಯ ಮಾಯುವುದಿಲ್ಲ. ಒಗಾವಾ ಅಂಥ ಆಸೆಯನ್ನೇ ಹುಟ್ಟಿಸುವುದಿಲ್ಲ. 80 ನಿಮಿಷ 90 ಆಗುವುದಿಲ್ಲ, ಕೊನೆಗೆ ಆ 80 ಕೂಡ ಉಳಿಯುವುದಿಲ್ಲ. ಸೈಲಸ್‌ನದೂ ಹಾಗೆಯೇ. ಕಳೆದ ಚಿನ್ನ ವರ್ಷಗಳ ನಂತರ ಸಿಗುತ್ತದೆ, ಎಪ್ಪಿ ಎಂದು ಹೆಸರಿಟ್ಟು ಸಾಕಿದ ಮಗಳು ಅವನನ್ನು ಬಿಟ್ಟು ಹೋಗಲು ಒಪ್ಪುವುದಿಲ್ಲ. ಆದರೆ ಅವನನ್ನು ಮೂವತ್ತು ವರ್ಷ ಕಾಡಿದ ಪ್ರಶ್ನೆಗೆ, ಆ ಚೀಟಿ ಏಕೆ ಸುಳ್ಳು ಹೇಳಿತು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಅದನ್ನು ಕೇಳಲೆಂದೇ ಮಗಳನ್ನು ಕರೆದುಕೊಂಡು ಲ್ಯಾಂಟರ್ನ್ ಯಾರ್ಡಿಗೆ ಹೋದರೆ, ಆ ಕೇರಿಯೇ ಇಲ್ಲ. ಅಲ್ಲೊಂದು ದೊಡ್ಡ ಕಾರ್ಖಾನೆ ಎದ್ದಿದೆ, ಮಧ್ಯಾಹ್ನದ ಊಟಕ್ಕೆ ಜನ ಹೊರಗೆ ಬರುತ್ತಿದ್ದಾರೆ. ಅವನು ಹಿಂದಿರುಗಿ ಬಂದು ಹೇಳಿಕೊಳ್ಳುವುದು ಡಾಲಿಯ ಬಳಿ. ಕೊನೆಯವರೆಗೂ ಅದು ಕತ್ತಲೆಯಾಗಿಯೇ ಉಳಿಯುತ್ತದೆ ಎಂಬುದನ್ನು ಇಬ್ಬರೂ ಒಪ್ಪಿಕೊಳ್ಳುತ್ತಾರೆ, ಹಾಗೆ ಒಪ್ಪಿಕೊಂಡೂ ನಂಬಿ ಬದುಕಬಹುದು ಎಂಬಲ್ಲಿಗೆ ಬರುತ್ತಾರೆ. ಆಸೆ ಎಂದು ನಾನು ಕರೆಯುವುದು ಇದನ್ನು.

ಜೆ. ಎಲ್. ಕಾರ್‌ನ ಪುಟ್ಟ ಕಾದಂಬರಿಯೊಂದಿದೆ, 1980ರದ್ದು, ಆ ವರ್ಷ ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಮೊದಲನೆಯ ಮಹಾಯುದ್ಧದಿಂದ ಮುಖದಲ್ಲಿ ನಡುಕ ಹೊತ್ತು ತಂದ ಟಾಮ್ ಬರ್ಕಿನ್ 1920ರ ಬೇಸಿಗೆಯಲ್ಲಿ ಯಾರ್ಕ್‌ಷೈರಿನ ಒಂದು ಹಳ್ಳಿಯ ಚರ್ಚಿಗೆ ಬರುತ್ತಾನೆ. ಹೆಂಡತಿ ಬಿಟ್ಟುಹೋಗಿದ್ದಾಳೆ. ಸುಣ್ಣದ ಅಡಿಯಲ್ಲಿ ಮುಚ್ಚಿಹೋಗಿರುವ ಮಧ್ಯಯುಗದ ಭಿತ್ತಿಚಿತ್ರವನ್ನು ಹೊರತೆಗೆಯುವುದು ಅವನ ಕೆಲಸ. ಗಂಟೆಗೋಪುರದಲ್ಲಿ ಮಲಗುತ್ತಾನೆ. ಹೊರಗಿನ ಹುಲ್ಲುಗಾವಲಿನಲ್ಲಿ ಡೇರೆ ಹಾಕಿಕೊಂಡು ಹಳೆಯ ಸಮಾಧಿಯೊಂದನ್ನು ಅಗೆದು ಹುಡುಕುತ್ತಿರುವ ಚಾರ್ಲ್ಸ್ ಮೂನ್ ಕೂಡ ಯುದ್ಧದಿಂದಲೇ ಬಂದವನು. ಇಬ್ಬರಿಗೂ ಇನ್ನೊಬ್ಬನಿಗೆ ಏನಾಗಿದೆ ಎಂದು ಗೊತ್ತು. ಇಬ್ಬರೂ ಕೇಳುವುದಿಲ್ಲ. ಚಹಾ ಕುಡಿಯುತ್ತಾರೆ, ಚಿತ್ರದ ಬಗ್ಗೆ ಮಾತಾಡುತ್ತಾರೆ, ತಮ್ಮ ತಮ್ಮ ಕೆಲಸಕ್ಕೆ ಏಳುತ್ತಾರೆ.

ಈ ಪುಸ್ತಕದಲ್ಲಿ ಕೇಳಲು ಬರುವವರು ಸ್ಟೇಷನ್ ಮಾಸ್ಟರ್ ಎಲ್ಲರ್‌ಬೆಕ್‌ನ ಮನೆಯವರು. ಮಗಳು ಕ್ಯಾಥಿ ಬಲು ಚುರುಕು. ಅವನನ್ನು ಭಾನುವಾರದ ಊಟಕ್ಕೆ ಕರೆಯುತ್ತಾರೆ, ಊಟದ ಋಣ ಎಂಬಂತೆ ಸಂಡೇ ಸ್ಕೂಲಿನ ಮಕ್ಕಳನ್ನು ನೋಡಿಕೊಳ್ಳಲು ಹಚ್ಚುತ್ತಾರೆ. ಒಮ್ಮೆ ಪಕ್ಕದೂರಿನ ಪ್ರಾರ್ಥನಾ ಮಂದಿರಕ್ಕೆ ತಮ್ಮ ಬದಲು ಪ್ರವಚನ ಮಾಡಲೂ ಕಳಿಸಿಬಿಡುತ್ತಾರೆ, ದೇವರನ್ನು ನಂಬದ ಅವನನ್ನು! ಬೇಸಿಗೆ ಮುಗಿಯುವಷ್ಟರಲ್ಲಿ ಮುಖದ ನಡುಕ ತಗ್ಗಿದೆ. ಯಾವ ದಿನ ತಗ್ಗಿತು ಎಂದು ಅವನಿಗೂ ಗೊತ್ತಿಲ್ಲ, ಓದುವ ನಮಗೂ ಗೊತ್ತಾಗುವುದಿಲ್ಲ. ಚಿತ್ರದ ಒಂದೊಂದು ಅಂಗುಲ ಸುಣ್ಣದಡಿಯಿಂದ ಹೊರಬರುತ್ತಿರುವಾಗ ನಮ್ಮ ಗಮನ ಅಲ್ಲಿರುತ್ತದೆ.

ಹಾಗೆಂದು ಕಾರ್ ಸ್ನೇಹವನ್ನು ಸರ್ವರೋಗಕ್ಕೆ ಮದ್ದು ಮಾಡುವುದಿಲ್ಲ. ಆ ಮನೆಯವರ ಜೊತೆ ಮಂದಿರಕ್ಕೆ ಹೊಸ ಆರ್ಗನ್ ವಾದ್ಯ ಕೊಳ್ಳಲು ರಿಪನ್ ಪಟ್ಟಣಕ್ಕೆ ಹೋದಾಗ, ಮೂನ್ ಸೈನ್ಯದಲ್ಲಿ ಶಿಕ್ಷೆಗೆ ಒಳಗಾಗಿ ಸೆರೆಯಲ್ಲಿದ್ದದ್ದು ಬರ್ಕಿನ್‌ಗೆ ಮೂರನೆಯವರಿಂದ ತಿಳಿಯುತ್ತದೆ. ಮೂನ್ ಸಲಿಂಗಿ, ಅದಕ್ಕಾಗಿ ಆ ಶಿಕ್ಷೆ. ಶೌರ್ಯಕ್ಕೆ ಪದಕ ಪಡೆದವನಿಗೆ ಸಿಕ್ಕ ಮರ್ಯಾದೆ ಅದು. ಬರ್ಕಿನ್ ಅವನನ್ನು ಕೀಳಾಗಿ ಕಾಣುವುದಿಲ್ಲ, ಆ ಶಿಕ್ಷೆಯ ಕ್ರೌರ್ಯ ಅವನಿಗೆ ಅರ್ಥವಾಗುತ್ತದೆ. ಆದರೂ ಇಬ್ಬರ ನಡುವೆ ಮೊದಲಿದ್ದ ಹಗುರ ಹಾಗೇ ಉಳಿಯುವುದಿಲ್ಲ. ಕೇಳದೆ ಇರುವುದರಲ್ಲಿ ಒಂದು ಗೌರವ ಇತ್ತು, ಅದನ್ನು ಹೊರಗಿನವನೊಬ್ಬ ಒಂದೇ ಮಾತಿನಲ್ಲಿ ಕೆಡಿಸಿಹಾಕಿದ. ಈ ಪುಟಗಳನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ, ಪ್ರತಿ ಸಲವೂ.

ನಮ್ಮಲ್ಲಿ ಇಂಥ ಕಾದಂಬರಿ ಯಾವುದು ಎಂದು ಕೇಳಿದರೆ ನಾನು ಮೊದಲು ಹೆಸರಿಸುವುದು ಶಿವರಾಮ ಕಾರಂತರ 'ಬೆಟ್ಟದ ಜೀವ'ವನ್ನು. 1943ರ ಪುಸ್ತಕ. ಅದನ್ನು ನಾವು ಸಾಮಾನ್ಯವಾಗಿ ಕಾಡು, ಕೃಷಿ, ಪಶ್ಚಿಮಘಟ್ಟ ಎಂದು ನೆನಪಿಟ್ಟುಕೊಂಡಿರುತ್ತೇವೆ. ಆದರೆ ಅದರ ನಡುಮನೆಯಲ್ಲಿ ಕುಳಿತಿರುವುದು ಒಂದು ಗಾಯ. ಕುಮಾರ ಪರ್ವತದ ತಪ್ಪಲಿನ ಕಾಡನ್ನು ತೋಟ ಮಾಡಿಕೊಂಡು ಬದುಕುತ್ತಿರುವ ಗೋಪಾಲಯ್ಯ ಮತ್ತು ಶಂಕರಮ್ಮ, ಇಬ್ಬರೂ ವಯಸ್ಸಾದವರು. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ, ಹಿಂದಿರುಗಿಲ್ಲ. ಆ ಮನೆಗೆ ಒಂದು ಇರುಳು, ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪರಸ್ಥಳದ ಯುವಕನೊಬ್ಬ ಬರುತ್ತಾನೆ, ಕಥೆ ಹೇಳುವವನೂ ಅವನೇ.

ಅವನಿಗೆ ಬೇಕಾದದ್ದು ರಾತ್ರಿ ಕಳೆಯಲು ಒಂದು ಜಾಗ. ಸಿಕ್ಕಿದ್ದು ಬಿಸಿನೀರಿನ ಸ್ನಾನ, ಊಟ, ಉಪಚಾರ, ಮತ್ತೆ ನಾಳೆ ಹೋದರಾಯಿತು ಎಂಬ ಒತ್ತಾಯ. ನಾಳೆ ಬಂದರೆ ಇನ್ನೊಂದು ನಾಳೆ. ಗೋಪಾಲಯ್ಯ ಅವನನ್ನು ತೋಟಕ್ಕೆ, ಕಾಡಿಗೆ, ಬೆಟ್ಟಕ್ಕೆ ಕರೆದೊಯ್ಯುತ್ತಾರೆ. ಮುದುಕರ ಉತ್ಸಾಹಕ್ಕೆ ಯುವಕನೇ ಏದುಸಿರು ಬಿಡಬೇಕು. ಆ ಉಪಚಾರವನ್ನು ಬರೀ ಮಲೆನಾಡಿನ ಅತಿಥಿಸತ್ಕಾರ ಎಂದು ಓದಿಕೊಂಡು ಹೋಗಬಹುದು, ಎಷ್ಟೋ ಜನ ಹಾಗೆ ಓದಿದ್ದಾರೆ. ನನಗೆ ಅದರಲ್ಲಿ ಬೇರೊಂದು ಹಸಿವು ಕಾಣುತ್ತದೆ. ಇವನ ವಯಸ್ಸಿನ ಒಬ್ಬನಿಗೆ ನೀರು ಕಾಯಿಸಿ, ಬಡಿಸಿ, ಗದರಿಸಿ ಎಷ್ಟು ವರ್ಷವಾಗಿತ್ತು ಆ ಮನೆಗೆ! ಶಂಕರಮ್ಮ ಮಗನ ಮಾತು ಎತ್ತಿದಾಗ ಮನಸ್ಸು ಬಿಚ್ಚಿಕೊಳ್ಳುತ್ತದೆ, ಗೋಪಾಲಯ್ಯ ಅದನ್ನು ನಗೆಮಾತಿನಲ್ಲಿ ಮುಚ್ಚುತ್ತಾರೆ. ದಂಪತಿಗಳು ತಮ್ಮಿಬ್ಬರೊಳಗೇ ಆಡಿಕೊಳ್ಳಲಾರದ ನೋವು ಹೊರಗಿನವನೊಬ್ಬನ ಎದುರಿನಲ್ಲಿ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ.

ಇನ್ನೊಂದು ಎಳೆ ಇದೆ, ಅದು ಇನ್ನೂ ಸೂಕ್ಷ್ಮ. ಈ ದಂಪತಿಗಳ ಆಶ್ರಯದಲ್ಲಿ ಬೆಳೆದ ನಾರಾಯಣ, ಹೆಂಡತಿ ಲಕ್ಷ್ಮಿಯೊಡನೆ ಕಾಟುಮೂಲೆಯ ತೋಟ ನೋಡಿಕೊಂಡಿದ್ದಾನೆ. ಮಗನ ಜಾಗದಲ್ಲಿ ಇರುವವನು, ಆದರೆ ಮಗನಲ್ಲ. ಶಂಭು ನಾಳೆ ಬಂದರೆ ತನ್ನ ಗತಿ ಏನು ಎಂಬ ಅಳುಕು ಅವನಿಗೆ. ಇವನೂ ಬಿಟ್ಟು ಹೋದರೆ ಎಂಬ ಅಳುಕು ಮುದುಕರಿಗೆ. ಪ್ರೀತಿ ಎಷ್ಟೇ ಇದ್ದರೂ ಭೂಮಿಯ ಪ್ರಶ್ನೆ ಅದರ ನಡುವೆ ಬಂದು ನಿಲ್ಲುತ್ತದೆ ಎಂಬುದನ್ನು ಕಾರಂತರು ಮುಚ್ಚುಮರೆಯಿಲ್ಲದೆ ಕಾಣಿಸುತ್ತಾರೆ. ಹೊರದೇಶಗಳ ಈ ಬಗೆಯ ಕಾದಂಬರಿಗಳಲ್ಲಿ ನಾನು ಅಷ್ಟಾಗಿ ಕಾಣದ ವಿವೇಕ ಇದು. ಸ್ನೇಹಕ್ಕೂ ಹೊಟ್ಟೆಪಾಡಿನ ಭದ್ರತೆ ಬೇಕು. ನಾಳೆ ಎಲ್ಲಿರುತ್ತೇನೆ ಎಂದು ಗೊತ್ತಿಲ್ಲದವನು ಇನ್ನೊಬ್ಬರ ಗಾಯಕ್ಕೆ ಆಸರೆಯಾಗುವುದು ಹೇಗೆ? ಶಂಭು ಬಂದು ಹೊಸ್ತಿಲು ತುಳಿದು ಎಲ್ಲ ಸರಿಹೋಗುವ ದೃಶ್ಯ ಈ ಪುಸ್ತಕದಲ್ಲಿಲ್ಲ.

ಇಷ್ಟೆಲ್ಲ ಓದಿದ ಮೇಲೂ ನನ್ನನ್ನು ಬಿಡದೆ ಕಾಡುವ ಪುಸ್ತಕ, ಇಂಥ ಸ್ನೇಹ ಕೊನೆಗೂ ಬಾರದೆ ಹೋದ ಒಂದು ಮನೆಯ ಕಥೆ. ತ್ರಿವೇಣಿಯವರ 'ಶರಪಂಜರ'. ಪುಟ್ಟಣ್ಣ ಕಣಗಾಲರ 1971ರ ಸಿನಿಮಾದಿಂದ ಆ ಕಥೆ ಎಲ್ಲರಿಗೂ ಪರಿಚಿತ. ಕಾವೇರಿ ಮಾನಸಿಕ ಅಸ್ವಾಸ್ಥ್ಯಕ್ಕೆ ಒಳಗಾಗುತ್ತಾಳೆ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ವೈದ್ಯರು ತಮ್ಮ ಕೆಲಸ ಮಾಡಿ ಮುಗಿಸಿದ್ದಾರೆ. ಗುಣವಾದವಳನ್ನು ಮತ್ತೆ ಕೆಡಿಸುವುದು ಮನೆ. ಅವಳು ಜೋರಾಗಿ ನಕ್ಕರೆ ಒಂದು ಅರ್ಥ, ಸುಮ್ಮನಿದ್ದರೆ ಇನ್ನೊಂದು ಅರ್ಥ. ಸಿಟ್ಟು ಮಾಡಿಕೊಳ್ಳುವ ಹಕ್ಕು ಕೂಡ ಅವಳಿಗೆ ಉಳಿದಿಲ್ಲ, ಸಿಟ್ಟು ಬಂದರೆ ಹುಚ್ಚು ಮರುಕಳಿಸಿತು ಎನ್ನುತ್ತಾರೆ. ಗಂಡ ಸತೀಶನ ಮನಸ್ಸು ಬೇರೆಡೆಗೆ ಹೋಗಿದೆ. ಸುತ್ತಲಿನ ಪ್ರತಿಯೊಬ್ಬರಿಗೂ ಅವಳ ಗಾಯ ಗೊತ್ತು, ಆ ಗಾಯವನ್ನು ಬಿಟ್ಟು ಅವಳ ಬಗ್ಗೆ ಬೇರೆ ಏನನ್ನೂ ಅವರು ನೋಡಲಾರರು. ಮನಶ್ಶಾಸ್ತ್ರ ಓದಿದ್ದ, 35 ವರ್ಷವೂ ತುಂಬದೆ 1963ರಲ್ಲಿ ತೀರಿಕೊಂಡ ತ್ರಿವೇಣಿ, ಮನೋರೋಗದ ಚಿಕಿತ್ಸೆ ಆಸ್ಪತ್ರೆಯ ಗೇಟಿನಲ್ಲಿ ಮುಗಿಯುವುದಿಲ್ಲ ಎಂಬುದನ್ನು ಅಷ್ಟು ಹಿಂದೆಯೇ ಇಷ್ಟು ನಿಚ್ಚಳವಾಗಿ ಬರೆದಿಟ್ಟರು.

ಕಾವೇರಿಗೆ ಬೇಕಾಗಿದ್ದವರು ಎಂಥವರು ಎಂದು ನಾನು ಆಗಾಗ ಯೋಚಿಸುತ್ತೇನೆ. ದೊಡ್ಡ ಮಾತಾಡುವ ತ್ಯಾಗಮಯಿ ಯಾರೂ ಬೇಕಿರಲಿಲ್ಲ. ಅವಳ ಹಿಂದಿನದು ಗೊತ್ತಿಲ್ಲದ, ಗೊತ್ತಿದ್ದರೂ ಅದನ್ನೇ ಹಿಡಿದು ಕೂರದ ಒಬ್ಬರು. ಒಂದು ಲೋಟ ಹೆಪ್ಪು ಕೇಳಿಕೊಂಡು ಬರುವವರು. ಸಂಜೆ ಎರಡು ಗಂಟೆ ಮಗುವನ್ನು ನೋಡಿಕೊಳ್ಳುತ್ತೀರಾ ಎಂದು ಧೈರ್ಯವಾಗಿ ಒಪ್ಪಿಸಿ ಹೋಗುವವರು. ಕಾವೇರಿಯನ್ನು ನಂಬಿ ಏನನ್ನಾದರೂ ಕೈಗೆ ಕೊಡುವವರು.

ಈಗ ಅಂಥವರು ಬರಲು ಅವಕಾಶ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ? ಬೆಂಗಳೂರಿನ ಒಂದೊಂದು ಅಪಾರ್ಟ್‌ಮೆಂಟಿನಲ್ಲಿ ಬಿಹಾರದ ಕಾವಲುಗಾರ, ರಾಯಚೂರಿನಿಂದ ಬಂದ ಮನೆಗೆಲಸದಾಕೆ, ಮಕ್ಕಳೆಲ್ಲ ವಿದೇಶದಲ್ಲಿರುವ ನಿವೃತ್ತ ಮೇಷ್ಟ್ರು, ಪಿ.ಜಿ.ಯಲ್ಲಿ ಒಬ್ಬಂಟಿಯಾಗಿರುವ ಹುಡುಗಿ, ಎಲ್ಲರೂ ಒಂದೇ ಲಿಫ್ಟಿನ ಆಚೀಚೆ ಬದುಕುತ್ತಿದ್ದಾರೆ. ಏಣಿ ಬೇಕಾದರೆ ಮೊಬೈಲಿನಲ್ಲಿ ತರಿಸಿಕೊಳ್ಳುತ್ತೇವೆ, ಎದುರುಮನೆಯ ಬಾಗಿಲು ತಟ್ಟುವುದಿಲ್ಲ. ಅಲ್ಲಿಯೂ ಯಾರೋ ಒಬ್ಬರು ತಟ್ಟಿಯೇ ಇರುತ್ತಾರೆ, ನನಗೆ ಅನುಮಾನವಿಲ್ಲ. ಆ ಕಥೆಯನ್ನು ಕನ್ನಡದಲ್ಲಿ, ಕಾರಂತರಷ್ಟು ಭೂಮಿಗೆ ಹತ್ತಿರವಾಗಿ, ತ್ರಿವೇಣಿಯವರಷ್ಟು ನಿರ್ದಾಕ್ಷಿಣ್ಯವಾಗಿ ಬರೆದ ಕಾದಂಬರಿಗಾಗಿ ನಾನು ಕಾಯುತ್ತಿದ್ದೇನೆ. ಅದರಲ್ಲಿ ಕಾವೇರಿ ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ, ಮಹಡಿಯ ಮೇಲಿನ ಮನೆಯ ಯಾರೋ ಕೆಳಗಿಳಿದು ಬಂದು, ನಿಮ್ಮ ಹತ್ತಿರ ಏಣಿ ಇದೆಯಾ ಎಂದು ಕೇಳಲಿ.